ಹಿರೋಶಿಮಾದ ಟ್ರಾಮ್: ಮೊದಲ ದಿನಕ್ಕೆ ಇದೇ ಸಾಕು

ಹಿರೋಶಿಮಾಕ್ಕೆ ಮೊದಲ ಸಲ ಹೋಗುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಟ್ಯಾಕ್ಸಿ ಬೇಡ, ಟ್ರಾಮ್ ಹತ್ತಿ. ಒಂದು ದಿನದ ಪಾಸ್ ತಗೊಂಡರೆ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. 2025ರ ಆಗಸ್ಟ್‌ನಿಂದ ಟ್ರಾಮ್ ರೈಲು ನಿಲ್ದಾಣದ ಎರಡನೇ ಮಹಡಿಗೇ ಬರುತ್ತದೆ, ಹಾಗಾಗಿ ಹುಡುಕಾಟವೇ ಇಲ್ಲ.

ನಾನು ಹತ್ತಿದ್ದು 2ನೇ ನಂಬರ್. ವೇಗ ಕಮ್ಮಿ, ಸಿಗ್ನಲ್ ಬಂದಲ್ಲೆಲ್ಲ ನಿಲ್ಲುತ್ತದೆ. ದೊಡ್ಡ ಬ್ಯಾಗ್ ಇದ್ದರೆ ನಿಲ್ದಾಣದ ಲಾಕರ್‌ನಲ್ಲೇ ಇಟ್ಟು ಬನ್ನಿ. ಆದರೆ ಕಿಟಕಿ ಪಕ್ಕ ಕೂತು ಸುಮ್ನೆ ಊರು ನೋಡುವುದಕ್ಕೆ ಈ ವೇಗವೇ ಚೆಂದ. 1945ರ ಬಾಂಬ್ ದಾಳಿಯಾದ ಮೂರೇ ದಿನಕ್ಕೆ ಒಂದು ಭಾಗದಲ್ಲಿ ಟ್ರಾಮ್ ಮತ್ತೆ ಓಡಿತ್ತು ಅಂದರೆ ನಂಬ್ತೀರಾ? ಆ ದಾಳಿಗೆ ಸಿಕ್ಕಿ ರಿಪೇರಿಯಾದ 651, 652 ನಂಬರಿನ ಗಾಡಿಗಳು ಇವತ್ತಿಗೂ ಇವೆ.

ಗೆನ್‌ಬಾಕು ಡೋಮ್ ಸ್ಟಾಪ್‌ನಲ್ಲಿ ಇಳಿದರೆ ಎದುರಿಗೇ ಅಣುಬಾಂಬ್ ದಾಳಿಯಲ್ಲಿ ಉಳಿದ ಆ ಪಾಳು ಕಟ್ಟಡ. ನದಿ ದಾಟಿದರೆ ಶಾಂತಿ ಮ್ಯೂಸಿಯಂ, ಟಿಕೆಟ್ ಬರೀ 200 ಯೆನ್. ಅಲ್ಲಿ ತುಕ್ಕು ಹಿಡಿದ ಪುಟ್ಟ ಮೂರು ಚಕ್ರದ ಸೈಕಲ್ ಒಂದಿದೆ. ದಾಳಿಯಲ್ಲಿ ತೀರಿಕೊಂಡ ಮೂರು ವರ್ಷದ ಮಗುವಿನದು. ಅಪ್ಪ ಅದನ್ನು ಮಗುವಿನ ಜೊತೆಗೇ ಹಿತ್ತಲಲ್ಲಿ ಹೂತಿದ್ದರು, 1985ರಲ್ಲಿ ತೆಗೆದು ಮ್ಯೂಸಿಯಂಗೆ ಕೊಟ್ಟರು. ಅದರ ಮುಂದೆ ತುಂಬಾ ಹೊತ್ತು ನಿಂತುಬಿಟ್ಟೆ. ಆ ಮಧ್ಯಾಹ್ನಕ್ಕೆ ಬೇರೆ ಯಾವ ಜಾಗವನ್ನೂ ಇಟ್ಟುಕೊಳ್ಳಬೇಡಿ, ಮನಸ್ಸು ಬರಲ್ಲ.

ರಾತ್ರಿಗೆ ನೂಡಲ್ಸ್ ಹಾಕಿದ ಒಕೊನೊಮಿಯಾಕಿ (ಎಲೆಕೋಸು ಹಾಕಿ ಕಾವಲಿ ಮೇಲೆ ಮಾಡುವ ದೋಸೆಯಂಥ ತಿಂಡಿ) ತಿನ್ನಿ, ಹೊಟ್ಟೆ ತುಂಬುತ್ತದೆ. ಸಸ್ಯಾಹಾರಿಗಳಾದರೆ ಹಂದಿ ಮಾಂಸ, ಮೀನಿನ ಪುಡಿ ಎರಡೂ ಬೇಡ ಅಂತ ಮೊದಲೇ ಹೇಳಿ.