ಸಂಜೆಗೆ ಪುಟಾಣಿಯೋ, ಮಂಡಕ್ಕಿಯೋ, ಸಕ್ಕರೆ ಇಲ್ಲದ ಬಿಸ್ಕತ್ತೋ?

ನಮ್ಮ ಮನೆಯಲ್ಲಿ ಗೆದ್ದದ್ದು ಪುಟಾಣಿ. ಬೆಂಗಳೂರಿನ ಕಡೆ ಇದನ್ನೇ ಹುರಿಗಡಲೆ ಎನ್ನುತ್ತಾರೆ. ಆದರೆ ಇದು ಗೊತ್ತಾಗುವ ಮೊದಲು 80 ರೂಪಾಯಿಯ ಒಂದು ಬಿಸ್ಕತ್ತಿನ ಪೊಟ್ಟಣ ನಮ್ಮ ಒಂದು ಇಡೀ ರಾತ್ರಿಯ ನಿದ್ದೆ ಕೆಡಿಸಿತು.

ಮಗಳಿಗೆ ಹನ್ನೊಂದು ವರ್ಷ, ಟೈಪ್ 1 ಮಧುಮೇಹ. ಶಾಲೆಯಿಂದ ಬಂದ ಕೂಡಲೇ ಏನಾದರೂ ತಿನ್ನಬೇಕು. ಆ ಹೊತ್ತಿಗೆ 15 ಗ್ರಾಂ ಕಾರ್ಬೋಹೈಡ್ರೇಟ್, ಅದಕ್ಕೆ ಒಂದು ಯುನಿಟ್ ಇನ್ಸುಲಿನ್. ಇದು ವೈದ್ಯರು ಅವಳಿಗೆಂದೇ ಹಾಕಿಕೊಟ್ಟ ಲೆಕ್ಕ, ಬೇರೆ ಮಗುವಿಗೆ ಬೇರೆಯೇ ಇರುತ್ತದೆ.

ಬಿಸ್ಕತ್ತಿನ ಮುಖದ ಮೇಲೆ ರಾಗಿ ತೆನೆಯ ಚಿತ್ರ, ಪಕ್ಕದಲ್ಲಿ ದೊಡ್ಡದಾಗಿ ‘ಸಕ್ಕರೆ ಸೇರಿಸಿಲ್ಲ’. ನಾನು ಕಚೇರಿಯಲ್ಲಿದ್ದೆ. ಸಕ್ಕರೆಯೇ ಇಲ್ಲವಲ್ಲ ಎಂದುಕೊಂಡು ಅತ್ತೆಯವರು ನಾಲ್ಕು ಬಿಸ್ಕತ್ತು ಕೊಟ್ಟರು, ಇನ್ಸುಲಿನ್ ಕೊಡಲಿಲ್ಲ. ಏಳು ಗಂಟೆಗೆ ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 271. ಅದನ್ನು ಇಳಿಸಲು ಇನ್ಸುಲಿನ್ ಕೊಟ್ಟೆವು. ನಿದ್ದೆಯಲ್ಲಿ ಎಲ್ಲಿ ತೀರಾ ಇಳಿದುಬಿಡುತ್ತದೋ ಎಂಬ ಭಯಕ್ಕೆ ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ ಎದ್ದು ನೋಡಿದೆವು. ಅತ್ತೆಯವರು ಮಂಚದ ಬಳಿಯಿಂದ ಏಳಲೇ ಇಲ್ಲ.

ಬೆಳಿಗ್ಗೆ ಪೊಟ್ಟಣದ ಹಿಂಬದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. 100 ಗ್ರಾಂನಲ್ಲಿ ಕಾರ್ಬೋಹೈಡ್ರೇಟ್ 67 ಗ್ರಾಂ. ಅದರ ಕೆಳಗೆ ಒಟ್ಟು ಸಕ್ಕರೆ 1.5, ಸೇರಿಸಿದ ಸಕ್ಕರೆ 0. ಬಲಗಡೆ, ದಿನಕ್ಕೆ ಶಿಫಾರಸು ಮಾಡಿದ್ದರಲ್ಲಿ ‘ಒಂದು ಬಾರಿಯ ಪ್ರಮಾಣ’ದಿಂದ ಎಷ್ಟು ಸಿಗುತ್ತದೆ ಎಂಬ ಶೇಕಡಾವಾರು ಅಂಕಣವಿತ್ತು. ಅದರಲ್ಲಿ ಶಕ್ತಿಗೆ, ಕೊಬ್ಬಿಗೆ, ಸೋಡಿಯಂಗೆ ಅಂಕಿಗಳಿದ್ದವು, ಸೇರಿಸಿದ ಸಕ್ಕರೆಗೆ 0%. ನನಗೆ ಬೇಕಾಗಿದ್ದ ಕಾರ್ಬೋಹೈಡ್ರೇಟ್ ಸಾಲಿನಲ್ಲಿ ಮಾತ್ರ ಬರೀ ಒಂದು ಗೀಟು. ಆಮೇಲೆ ತಿಳಿಯಿತು, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನಿಯಮ ಆ ಶೇಕಡಾವನ್ನು ಕೇಳುವುದೇ ಕಾರ್ಬೋಹೈಡ್ರೇಟ್ ಬಿಟ್ಟು ಉಳಿದ ಕೆಲವಕ್ಕೆ. ಹಿಟ್ಟು ಕೂಡ ಹೊಟ್ಟೆಯೊಳಗೆ ಸಕ್ಕರೆಯೇ ಆಗುತ್ತದೆ. ಇನ್ಸುಲಿನ್ ಲೆಕ್ಕಕ್ಕೆ ಸಕ್ಕರೆಯ ಸಾಲನ್ನಲ್ಲ, ಅದರ ಮೇಲಿನ ಸಾಲನ್ನು ನೋಡಬೇಕು.

ತೊಡಕು ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಬಾರಿಯ ಪ್ರಮಾಣ 20 ಗ್ರಾಂ ಎಂದಿತ್ತು, ಎಷ್ಟು ಬಿಸ್ಕತ್ತು ಎಂದು ಎಲ್ಲಿಯೂ ಇರಲಿಲ್ಲ. ಎರಡಿರಬಹುದು ಎಂದುಕೊಂಡೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಎರಡಕ್ಕೆ 25 ಗ್ರಾಂ, ಅಂದರೆ ಸುಮಾರು 17 ಗ್ರಾಂ ಕಾರ್ಬೋಹೈಡ್ರೇಟ್. ಆ ಸಂಜೆಯ ನಾಲ್ಕಕ್ಕೆ 33 ಗ್ರಾಂಗಿಂತ ಹೆಚ್ಚು. ಎರಡು ಯುನಿಟ್ ಇನ್ಸುಲಿನ್‌ಗೂ ಮೀರಿದ್ದು ಒಂದು ಯುನಿಟ್ ಕೂಡ ಇಲ್ಲದೆ ಮಗುವಿನ ಹೊಟ್ಟೆ ಸೇರಿತ್ತು. ಸಿಹಿಗೆ ಬಳಸಿದ್ದ ಮಾಲ್ಟಿಟಾಲ್‌ನಿಂದ ಅವಳ ಹೊಟ್ಟೆಯೂ ಕೆಟ್ಟಿತ್ತು.

ಅಂದಿನಿಂದ ಕಪಾಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ: 1500ನ್ನು (ನಮ್ಮ 15 ಗ್ರಾಂ × 100) 100 ಗ್ರಾಂನ ಕಾರ್ಬೋಹೈಡ್ರೇಟ್ ಅಂಕಿಯಿಂದ ಭಾಗಿಸಿ, ಬಂದಷ್ಟು ಗ್ರಾಂ ತೂಗಿ ಕೊಡಿ. ಬಿಸ್ಕತ್ತಿಗೆ 22 ಗ್ರಾಂ. ಎರಡೂ ಪೂರ್ತಿ ಬರುವುದಿಲ್ಲ, ಒಂದನ್ನು ಮುರಿಯಬೇಕು. ಮಕ್ಕಳಿಗೆ ಮುರಿದ ಬಿಸ್ಕತ್ತು ಕೊಡುವುದು ಎಷ್ಟು ಕಷ್ಟವೆಂದು ತಾಯಂದಿರಿಗೆ ಗೊತ್ತು.

ಮಂಡಕ್ಕಿಯದು ಬೇರೆಯೇ ಕಥೆ. ದಾವಣಗೆರೆಯಲ್ಲಿದ್ದು ಮಂಡಕ್ಕಿ ತಿನ್ನಬೇಡ ಎಂದು ಮಗುವಿಗೆ ಹೇಳಲು ನನ್ನಿಂದಾಗದು. ಭಟ್ಟಿಯಿಂದ ತರುವ ಮಂಡಕ್ಕಿಗೆ ಲೇಬಲ್ ಇರುವುದಿಲ್ಲ, ಅದಕ್ಕೇ ಒಮ್ಮೆ ಪೊಟ್ಟಣದ್ದನ್ನು ತಂದು ಅದರ ಅಂಕಿ ಬರೆದಿಟ್ಟುಕೊಂಡೆ: 74. ಅಂದರೆ 20 ಗ್ರಾಂ. ಈರುಳ್ಳಿ, ಟೊಮೆಟೊ, ಕೊತ್ತಂಬರಿ ಬೆರೆಸಿದರೆ ದೊಡ್ಡ ಬಟ್ಟಲು ತುಂಬುತ್ತದೆ, ಮಗಳ ಮುಖವೂ ಅರಳುತ್ತದೆ. ಆದರೆ ಗಂಟೆಯೊಳಗೆ ಸಕ್ಕರೆ ಸರ್ರನೆ ಏರುತ್ತದೆ, ಆರು ಗಂಟೆಗೆ ಮತ್ತೆ “ಅಮ್ಮಾ, ಹಸಿವು”.

ಪುಟಾಣಿಯ ಅಂಕಿ 58. ತೂಗಬೇಕಾದದ್ದು 26 ಗ್ರಾಂ. ಅವಳ ಪುಟ್ಟ ಅಂಗೈಯಲ್ಲಿ ಒಂದೂವರೆ ಹಿಡಿ. ಕಾರ್ಬೋಹೈಡ್ರೇಟ್ ಅಷ್ಟೇ 15 ಗ್ರಾಂ, ಆದರೆ ಜೊತೆಗೆ ಪ್ರೋಟೀನೂ ನಾರೂ ಇರುವುದರಿಂದ ನಿಧಾನಕ್ಕೆ ಏರುತ್ತದೆ. ಎರಡು ಗಂಟೆಯ ನಂತರ ಅವಳಿಗೆ ಸಾಮಾನ್ಯವಾಗಿ 140ರಿಂದ 160ರ ಒಳಗೆ ಇರುತ್ತದೆ, ರಾತ್ರಿಯ ಊಟದವರೆಗೆ ಹಸಿವಿನ ಮಾತಿಲ್ಲ. ಬೇಸರವಾದ ದಿನ 20 ಗ್ರಾಂ ಪುಟಾಣಿಗೆ 12 ಗ್ರಾಂ ಹುರಿದ ಶೇಂಗಾ ಸೇರಿಸುತ್ತೇನೆ. ಶೇಂಗಾದ್ದು ನೂರಕ್ಕೆ 26, ಹಾಗಾಗಿ ಒಟ್ಟು ಲೆಕ್ಕ ಅಲ್ಲಿಂದಲ್ಲಿಗೇ ಬರುತ್ತದೆ. ಅರ್ಧ ಕಿಲೋ ಪುಟಾಣಿಗೆ 75 ರೂಪಾಯಿ ಕೊಟ್ಟೆ, ಒಂದು ಸಂಜೆಗೆ ನಾಲ್ಕು ರೂಪಾಯಿ. ಆ ಬಿಸ್ಕತ್ತು 150 ಗ್ರಾಂಗೆ 80, ಅಂದರೆ ಒಂದು ಸಂಜೆಗೆ ಹನ್ನೆರಡು ರೂಪಾಯಿಯ ಹತ್ತಿರ. ತಿಂಗಳ ಸ್ಟ್ರಿಪ್ಪು, ಸೂಜಿ ಕೊಳ್ಳುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ಪುಟಾಣಿ ಕೈಕೊಡುವುದು ಒಂದೇ ಕಡೆ. ಸಕ್ಕರೆ 70ಕ್ಕಿಂತ ಇಳಿದಾಗ ಅದನ್ನು ಕೊಡಲೇಬಾರದು, ಅಷ್ಟು ಬೇಗ ಏರುವುದಿಲ್ಲ. ಅದಕ್ಕೆ ಗ್ಲೂಕೋಸ್ ಪುಡಿಯ ಡಬ್ಬಿ ಬೇರೆಯೇ ಇದೆ, ಶಾಲೆಯ ಚೀಲದಲ್ಲೂ ಇದೆ.

ಈಗ ವಾರಕ್ಕೆ ಐದು ದಿನ ಪುಟಾಣಿ, ಶನಿವಾರ ಮತ್ತು ಭಾನುವಾರ ಮಂಡಕ್ಕಿ. ತೂಗುವವರು ಅತ್ತೆಯವರೇ. ಮೊಮ್ಮಗಳು ಪಕ್ಕದಲ್ಲಿ ನಿಂತು “ಅಜ್ಜಿ, ಎರಡು ಕಾಳು ಜಾಸ್ತಿ” ಎಂದರೆ ಆ ಎರಡನ್ನು ತೆಗೆದು ಡಬ್ಬಿಗೆ ಹಾಕುತ್ತಾರೆ. ಕಳೆದ ವಾರ ನಾವು ಕೊಳ್ಳುವ ಪುಟಾಣಿ ಸಿಗದೆ ಬೇರೆ ಪೊಟ್ಟಣ ತಂದೆ. ಕನ್ನಡಕ ಹಾಕಿಕೊಂಡು ಮೊದಲು ಹಿಂಬದಿ ತಿರುಗಿಸಿದ್ದೂ ಅವರೇ. ಅದರಲ್ಲಿ 62 ಎಂದಿತ್ತು. ಈ ತಿಂಗಳು ನಮ್ಮ ಅಳತೆ 24 ಗ್ರಾಂ.