ಗರ್ಭಪಾತದ ನಂತರ ಧರ್ಮಸಭೆಯ ನೆರವು: ‘ಪ್ರಾಜೆಕ್ಟ್ ರೇಚಲ್’ ಸೇವೆಯ ವಿಮರ್ಶೆ

ಗರ್ಭಪಾತ ಮಾಡಿಸಿಕೊಂಡ ಮೇಲೆ ಮನಸ್ಸಿನ ನೋವನ್ನು ಯಾರಲ್ಲಿಯೂ ಹೇಳಿಕೊಳ್ಳಲಾಗದೆ ಬಳಲುವವರಿಗಾಗಿ ಅಮೆರಿಕದ ಕಥೋಲಿಕ ಧರ್ಮಸಭೆ ‘ಪ್ರಾಜೆಕ್ಟ್ ರೇಚಲ್’ ಎಂಬ ಸೇವೆಯನ್ನು ನಡೆಸುತ್ತಿದೆ. ನನಗೆ ಆಪ್ತರಾದ ಒಬ್ಬರು ಈ ಸೇವೆಯನ್ನು ಪಡೆದಾಗ ನಾನು ಅವರ ಜೊತೆಗಿದ್ದೆ. ಅವರ ಕಥೆಯನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರದು. ಆದರೆ ಆ ನೆಪದಲ್ಲಿ ಸೇವೆ ನಡೆಯುವ ರೀತಿಯನ್ನೂ ಅದರ ಹಿಂದಿರುವ ಧರ್ಮಸಭೆಯ ಬೋಧನೆಯನ್ನೂ ಹತ್ತಿರದಿಂದ ನೋಡಿ, ಓದಿ ತಿಳಿದುಕೊಂಡದ್ದನ್ನು ಅಮೆರಿಕದಲ್ಲಿರುವ ಕನ್ನಡ ಕಥೋಲಿಕರಿಗೂ ಊರಿನಲ್ಲಿರುವವರಿಗೂ ತಿಳಿಸಬೇಕೆನಿಸಿದೆ. ಮೊದಲೇ ಹೇಳಿಬಿಡುವುದಾದರೆ, ಅಗತ್ಯವಿರುವವರು ಈ ಸೇವೆಯನ್ನು ಧೈರ್ಯವಾಗಿ ಪಡೆಯಬಹುದು ಎಂಬುದೇ ನನ್ನ ಅಭಿಪ್ರಾಯ. ಆದರೂ ಅದರಲ್ಲಿ ಕೇಳುವುದನ್ನೆಲ್ಲ ಒಂದೇ ತೂಕದಲ್ಲಿ ತೆಗೆದುಕೊಳ್ಳಬಾರದು ಎಂಬ ಎಚ್ಚರಿಕೆಯನ್ನೂ ಸೇರಿಸಬೇಕಾಗಿದೆ.

ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಮಹಾಧರ್ಮಕ್ಷೇತ್ರದಲ್ಲಿ (ಆರ್ಚ್‌ಡಯಾಸಿಸ್) 1984ರಲ್ಲಿ ವಿಕಿ ಥಾರ್ನ್ ಎಂಬ ಮಹಿಳೆ ಈ ಸೇವೆಯನ್ನು ಆರಂಭಿಸಿದರು. ಗರ್ಭಪಾತದ ನಂತರ ತಮ್ಮ ಗೆಳತಿಯೊಬ್ಬಳು ಅನುಭವಿಸಿದ ಸಂಕಟವೇ ಅವರಿಗೆ ಪ್ರೇರಣೆಯಾಗಿತ್ತು. ಮೊದಲು ಕೈಗೆತ್ತಿಕೊಂಡ ಕೆಲಸ ಧರ್ಮಗುರುಗಳ ತರಬೇತಿ. ಪಾಪನಿವೇದನೆಗೆ ಬಂದ ಹೆಣ್ಣುಮಗಳೊಂದಿಗೆ ಹೇಗೆ ಮಾತನಾಡಬೇಕು, ಎಲ್ಲಿ ಸುಮ್ಮನಿರಬೇಕು, ಯಾವಾಗ ಮನಃಶಾಸ್ತ್ರಜ್ಞರ ಬಳಿಗೆ ಕಳುಹಿಸಬೇಕು ಎಂಬುದನ್ನು ಗುರುಗಳಿಗೆ ಕಲಿಸದ ಹೊರತು ಉಳಿದದ್ದೆಲ್ಲ ವ್ಯರ್ಥವೆಂಬ ಈ ತಿಳಿವಳಿಕೆ ಸರಿಯಾದದ್ದೆಂದು ನನಗನಿಸುತ್ತದೆ. ಥಾರ್ನ್ 2022ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಸೇವೆ ದೇಶದ ಬಹುಪಾಲು ಧರ್ಮಕ್ಷೇತ್ರಗಳಿಗೆ ಹಬ್ಬಿತ್ತು. ಒಂದೇ ಕಚೇರಿಯಿಂದ ನಡೆಯುವ ಸಂಸ್ಥೆ ಇದಲ್ಲ. ಪ್ರತಿ ಧರ್ಮಕ್ಷೇತ್ರವೂ ತನ್ನದೇ ಸಂಯೋಜಕರನ್ನೂ ಧರ್ಮಗುರುಗಳನ್ನೂ ಆಪ್ತಸಲಹೆಗಾರರನ್ನೂ ಒಟ್ಟುಗೂಡಿಸಿಕೊಂಡು ನಡೆಸುವುದರಿಂದ ಒಂದು ಕಡೆ ಸಿಗುವುದೆಲ್ಲ ಇನ್ನೊಂದು ಕಡೆ ಸಿಗುವುದಿಲ್ಲ. ದೂರವಾಣಿಯಲ್ಲಿ ಮೊದಲ ಮಾತು, ಆಮೇಲೆ ಒಬ್ಬೊಬ್ಬರೊಂದಿಗೆ ಪ್ರತ್ಯೇಕ ಭೇಟಿ, ಬೇಕಿದ್ದವರಿಗೆ ಚಿಕ್ಕ ಗುಂಪು ಅಥವಾ ಧ್ಯಾನಕೂಟ, ಕೊನೆಗೆ ಪಾಪನಿವೇದನೆ ಮತ್ತು ಬಲಿಪೂಜೆ (ಮಾಸ್). ಸಾಮಾನ್ಯವಾಗಿ ಇದೇ ಕ್ರಮ. ಬರುವವರು ಕಥೋಲಿಕರೇ ಆಗಿರಬೇಕೆಂಬ ನಿಯಮವಿಲ್ಲ.

ಈ ಸೇವೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಧರ್ಮಸಭೆಯ ನಿಲುವನ್ನು ಮೆದುಮಾಡದೆ ಹೇಳಬೇಕು. ಗರ್ಭಧಾರಣೆಯ ಕ್ಷಣದಿಂದಲೇ ಮನುಷ್ಯಜೀವವನ್ನು ಸಂಪೂರ್ಣವಾಗಿ ಗೌರವಿಸಬೇಕು, ಕಾಪಾಡಬೇಕು ಎಂಬುದು ಧರ್ಮಸಭೆಯ ಬೋಧನೆ. ಗರ್ಭಪಾತವನ್ನೇ ಗುರಿಯಾಗಿಯೋ ಸಾಧನವಾಗಿಯೋ ಇಟ್ಟುಕೊಂಡು ಮಾಡುವ ಕ್ರಿಯೆ ಯಾವ ಸಂದರ್ಭದಲ್ಲಿಯೂ ನೈತಿಕವಾಗಿ ಸರಿಯಲ್ಲವೆಂದು ಅದು ಹೇಳುತ್ತದೆ. ಮೊದಲ ಶತಮಾನದಿಂದಲೂ ಈ ತೀರ್ಮಾನ ಬದಲಾಗಿಲ್ಲ. ಭ್ರೂಣಕ್ಕೆ ಆತ್ಮ ಯಾವಾಗ ಬರುತ್ತದೆ ಎಂಬ ಬಗ್ಗೆ ಮಧ್ಯಯುಗದ ದೈವಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದ್ದದ್ದು ನಿಜ, ಅದಕ್ಕೆ ತಕ್ಕಂತೆ ಶಿಕ್ಷೆಗಳಲ್ಲಿ ವ್ಯತ್ಯಾಸವಿದ್ದದ್ದೂ ನಿಜ, 1869ರಲ್ಲಿ ಪೋಪ್ ಒಂಬತ್ತನೆಯ ಪಿಯುಸ್ ಆ ವ್ಯತ್ಯಾಸವನ್ನು ಕೈಬಿಟ್ಟದ್ದೂ ನಿಜ. ಆದರೆ ಕೃತ್ಯವೇ ಸರಿ ಎಂದು ಧರ್ಮಸಭೆ ಎಂದೂ ಹೇಳಿಲ್ಲ. ತಾಯಿಯ ಗರ್ಭಕೋಶಕ್ಕೆ ಕ್ಯಾನ್ಸರ್ ತಗುಲಿ ಅದನ್ನು ತೆಗೆಯಬೇಕಾಗಿ ಬಂದು, ಅದರ ಪರಿಣಾಮವಾಗಿ ಭ್ರೂಣವೂ ಉಳಿಯದೆ ಹೋದರೆ ಅದನ್ನು ಈ ಬೋಧನೆ ನೇರ ಗರ್ಭಪಾತವೆಂದು ಎಣಿಸುವುದಿಲ್ಲ. ಅಲ್ಲಿ ಉದ್ದೇಶ ರೋಗದ ಚಿಕಿತ್ಸೆ. ಇಂಥ ಶಸ್ತ್ರಚಿಕಿತ್ಸೆಯಾದ ನಂತರ ವರ್ಷಗಟ್ಟಲೆ ಪಾಪಪ್ರಜ್ಞೆಯಲ್ಲಿ ನರಳುವವರಿದ್ದಾರೆ. ಬಂದವರ ಪರಿಸ್ಥಿತಿ ಯಾವುದೆಂದು ಮೊದಲು ಕೇಳಿ ತಿಳಿದುಕೊಳ್ಳುವ ಗುರು ಅವರ ಅರ್ಧ ಭಾರವನ್ನು ಅಲ್ಲಿಯೇ ಇಳಿಸಬಲ್ಲರು.

ಜನರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಬಹಿಷ್ಕಾರದ ಮಾತು. ಗರ್ಭಪಾತ ಮಾಡಿಸಿಕೊಂಡವರು ತಮ್ಮಷ್ಟಕ್ಕೆ ತಾವೇ ಬಹಿಷ್ಕೃತರಾಗುತ್ತಾರೆ, ಇನ್ನು ಅವರಿಗೆ ಪರಮಪ್ರಸಾದವೂ ಇಲ್ಲ, ಚರ್ಚಿನ ಮೆಟ್ಟಿಲೂ ಇಲ್ಲ ಎಂದು ಅನೇಕರು ನಂಬಿದ್ದಾರೆ. ಧರ್ಮಸಭೆಯ ಸ್ವಂತ ಕಾನೂನಾದ ನ್ಯಾಯಸಂಹಿತೆಯ ಮಾತು ಹೀಗಿಲ್ಲ. 1983ರ ಸಂಹಿತೆಯಲ್ಲಿ 1398ನೆಯ ವಿಧಿಯಾಗಿದ್ದು, 2021ರ ಡಿಸೆಂಬರ್ 8ರಂದು ಜಾರಿಗೆ ಬಂದ ಪರಿಷ್ಕರಣೆಯ ನಂತರ 1397ನೆಯ ವಿಧಿಯ ಎರಡನೆಯ ಭಾಗವಾಗಿರುವ ನಿಯಮವು ಬಹಿಷ್ಕಾರವನ್ನು ವಿಧಿಸುತ್ತದೆ ಎಂಬುದು ನಿಜ. ಆದರೆ ಅದೇ ಸಂಹಿತೆಯ ಬೇರೆ ವಿಧಿಗಳನ್ನು ಜೊತೆಗಿಟ್ಟು ಓದಬೇಕು. ಹದಿನಾರು ವರ್ಷ ತುಂಬದವರಿಗೆ ಯಾವ ಶಿಕ್ಷೆಯೂ ಇಲ್ಲ. ಹದಿನೆಂಟು ತುಂಬದವರಿಗೆ, ಗಂಭೀರವಾದ ಭಯಕ್ಕೆ ಒಳಗಾಗಿ ಒಪ್ಪಿದವರಿಗೆ, ಇಂಥದೊಂದು ಶಿಕ್ಷೆ ಇದೆಯೆಂಬುದೇ ತಮ್ಮ ತಪ್ಪಿಲ್ಲದೆ ತಿಳಿಯದಿದ್ದವರಿಗೆ ಈ ತಾನಾಗಿ ಬರುವ ಬಹಿಷ್ಕಾರ ತಟ್ಟುವುದಿಲ್ಲ. ನಮ್ಮ ಮನೆಗಳ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಈ ಸಾಲಿನಲ್ಲಿಯೇ ಬರುತ್ತಾರೆ. ಇನ್ನೊಂದು ಕಡೆಯಿಂದ ನೋಡಿದರೆ, ಯಾರ ಸಹಕಾರವಿಲ್ಲದೆ ಆ ಕೃತ್ಯ ನಡೆಯುತ್ತಲೇ ಇರಲಿಲ್ಲವೋ ಅವರಿಗೂ ಇದೇ ಶಿಕ್ಷೆ ಅನ್ವಯಿಸುತ್ತದೆ. ಬೆದರಿಸಿ ಆಸ್ಪತ್ರೆಗೆ ಕರೆದೊಯ್ದ ಗಂಡನೂ ಅದನ್ನು ನಡೆಸಿಕೊಟ್ಟ ವೈದ್ಯನೂ ಈ ಲೆಕ್ಕದಿಂದ ಹೊರಗಿಲ್ಲ. ಹೆಣ್ಣೊಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸುವ ಉಪದೇಶಗಳನ್ನು ಕೇಳಿ ಬೆಳೆದ ನನಗೆ ಈ ಅಂಶವನ್ನು ಎಲ್ಲ ಕಡೆಯೂ ಗಟ್ಟಿಯಾಗಿ ಹೇಳಬೇಕೆನಿಸುತ್ತದೆ.

ಶಿಕ್ಷೆ ತಟ್ಟಿದವರಿಗೂ ದಾರಿ ಮುಚ್ಚಿಲ್ಲ. ಹಿಂದೆ ಈ ಬಹಿಷ್ಕಾರವನ್ನು ತೆಗೆಯುವ ಅಧಿಕಾರ ಧರ್ಮಕ್ಷೇತ್ರದ ಮುಖ್ಯಸ್ಥರಾದ ಧರ್ಮಾಧ್ಯಕ್ಷರಲ್ಲಿಯೂ ಅವರು ನೇಮಿಸಿದವರಲ್ಲಿಯೂ ಇರುತ್ತಿತ್ತು. ಅಮೆರಿಕದ ಬಹುತೇಕ ಧರ್ಮಾಧ್ಯಕ್ಷರು ಅದನ್ನು ತಮ್ಮ ಗುರುಗಳಿಗೆ ಮೊದಲೇ ವಹಿಸಿಕೊಟ್ಟಿದ್ದರು. ಪೋಪ್ ಫ್ರಾನ್ಸಿಸ್ 2015ರ ಸೆಪ್ಟೆಂಬರಿನಲ್ಲಿ ಬರೆದ ಪತ್ರದ ಮೂಲಕ ಕರುಣೆಯ ವಿಶೇಷ ವರ್ಷಕ್ಕಾಗಿ ಗರ್ಭಪಾತದ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಲೋಕದ ಎಲ್ಲ ಧರ್ಮಗುರುಗಳಿಗೂ ಕೊಟ್ಟರು. ಆ ವರ್ಷ ಮುಗಿದ 2016ರ ನವೆಂಬರ್ 20ರಂದು ಹೊರಡಿಸಿದ ಪತ್ರದಲ್ಲಿ ಅದನ್ನು ಕಾಯಂ ಮಾಡಿದರು. ಇದು ಘೋರ ಪಾಪ ಎಂಬ ಮಾತನ್ನೂ, ಪಶ್ಚಾತ್ತಾಪಪಡುವ ಹೃದಯವನ್ನು ದೇವರ ಕರುಣೆ ತಲುಪಲಾರದಂಥ ಪಾಪವೇ ಇಲ್ಲ ಎಂಬ ಮಾತನ್ನೂ ಅವರು ಒಂದೇ ಪರಿಚ್ಛೇದದಲ್ಲಿ ಹೇಳಿದರು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಟ್ಟುಕೊಡಬೇಕಾಗಿಲ್ಲ. ಪ್ರಾಜೆಕ್ಟ್ ರೇಚಲ್ ಚೆನ್ನಾಗಿ ನಡೆಯುವ ಕಡೆಗಳಲ್ಲಿ ನಾನು ಮೆಚ್ಚಿದ್ದು ಇದನ್ನೇ. ಆದದ್ದು ಏನೂ ಅಲ್ಲವೆಂದು ತೇಲಿಸುವುದಿಲ್ಲ, ಆದದ್ದನ್ನೇ ಮತ್ತೆ ಮತ್ತೆ ಕೆದಕಿ ಗಾಯಮಾಡುವುದೂ ಇಲ್ಲ. ಎದುರಿನವರು ತಾವಾಗಿಯೇ ಮಾತನಾಡುವವರೆಗೆ ಕಾಯುತ್ತಾರೆ.

ಧ್ಯಾನಕೂಟಗಳಲ್ಲಿ ಮಗುವಿಗೆ ಹೆಸರಿಡುವುದು, ಮಗುವಿಗೊಂದು ಪತ್ರ ಬರೆಯುವುದು, ಅದರ ಸ್ಮರಣೆಗಾಗಿ ಪ್ರಾರ್ಥಿಸುವುದು ರೂಢಿಯಲ್ಲಿವೆ. ಶವವಿಲ್ಲದ, ಸಮಾಧಿಯಿಲ್ಲದ, ನೆಂಟರು ಬಂದು ಕಣ್ಣೀರು ಒರೆಸದ ಸಾವಿಗೆ ಅಳಲು ಒಂದು ಜಾಗ ಸಿಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇಂಥ ಕೂಟಗಳಲ್ಲಿ ಮಗು ಸ್ವರ್ಗದಲ್ಲಿದ್ದು ಕ್ಷಮಿಸಿದೆ ಎಂದು ಖಚಿತವಾಗಿ ಹೇಳುವ ಉತ್ಸಾಹಿಗಳೂ ಇರುತ್ತಾರೆ. ಧರ್ಮಸಭೆ ಇಷ್ಟು ಮುಂದೆ ಹೋಗಿಲ್ಲ. ಪೋಪ್ ಎರಡನೆಯ ಜಾನ್ ಪೌಲ್ 1995ರ ಮಾರ್ಚ್ 25ರಂದು ಇಡೀ ಧರ್ಮಸಭೆಗಾಗಿ ಹೊರಡಿಸಿದ, ಜೀವವನ್ನು ಕುರಿತ ವಿಶ್ವಪತ್ರದ 99ನೆಯ ಪರಿಚ್ಛೇದದಲ್ಲಿ ಗರ್ಭಪಾತ ಮಾಡಿಸಿಕೊಂಡ ಹೆಣ್ಣುಮಕ್ಕಳನ್ನೇ ನೇರವಾಗಿ ಉದ್ದೇಶಿಸಿ ಬರೆದರು. ಮಗುವು ಈಗ ಪ್ರಭುವಿನಲ್ಲಿ ಜೀವಿಸುತ್ತಿದೆ, ಅದರಿಂದಲೂ ನೀವು ಕ್ಷಮೆ ಕೇಳಬಲ್ಲಿರಿ ಎಂಬರ್ಥದ ಸಾಲು ಮೊದಲು ಪ್ರಕಟವಾದ ಪಠ್ಯದಲ್ಲಿತ್ತು. ಆಮೇಲೆ ಬಂದ ಅಧಿಕೃತ ಲ್ಯಾಟಿನ್ ಪಠ್ಯದಲ್ಲಿ, ನಿಮ್ಮ ಮಗುವನ್ನು ತಂದೆಯಾದ ದೇವರಿಗೂ ಆತನ ಕರುಣೆಗೂ ಭರವಸೆಯಿಂದ ಒಪ್ಪಿಸಬಲ್ಲಿರಿ ಎಂದಷ್ಟೇ ಇದೆ. ಈ ಬದಲಾವಣೆ ಚಿಕ್ಕದಲ್ಲ. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳ ವಿಷಯದಲ್ಲಿ ಧರ್ಮಸಭೆಗಿರುವುದು ಭರವಸೆ, ಖಚಿತ ಜ್ಞಾನವಲ್ಲ. ನೊಂದ ತಾಯಿಗೆ ಆ ಭರವಸೆಯನ್ನೇ ಪ್ರಾಮಾಣಿಕವಾಗಿ ಕೊಟ್ಟರೆ ಸಾಕು. ಮುಂದೊಂದು ದಿನ ಅನುಮಾನ ಹುಟ್ಟಿದಾಗ ಕುಸಿಯುವಂಥ ಸಮಾಧಾನಕ್ಕಿಂತ ಅದು ಹೆಚ್ಚು ಕಾಲ ನಿಲ್ಲುತ್ತದೆ.

ಎರಡನೆಯ ಎಚ್ಚರಿಕೆ ಮನಃಶಾಸ್ತ್ರಕ್ಕೆ ಸೇರಿದ್ದು. ಗರ್ಭಪಾತ ಮಾಡಿಸಿಕೊಂಡ ಪ್ರತಿಯೊಬ್ಬ ಹೆಣ್ಣಿಗೂ ಒಂದಲ್ಲ ಒಂದು ದಿನ ಮಾನಸಿಕ ಕಾಯಿಲೆ ಬಂದೇ ಬರುತ್ತದೆ ಎಂದು ಈ ಕ್ಷೇತ್ರದ ಕೆಲವರು ಹೇಳುತ್ತಾರೆ, ಅದಕ್ಕೊಂದು ರೋಗದ ಹೆಸರನ್ನೂ ಇಟ್ಟಿದ್ದಾರೆ. ಅಮೆರಿಕದ ಮನೋವೈದ್ಯರು ಬಳಸುವ ಅಧಿಕೃತ ರೋಗಪಟ್ಟಿಯಲ್ಲಿ ಆ ಹೆಸರಿಲ್ಲ. ಬೇಡದ ಗರ್ಭವನ್ನು ಮೊದಲ ಮೂರು ತಿಂಗಳೊಳಗೆ ಒಮ್ಮೆ ತೆಗೆಸಿದ ವಯಸ್ಕ ಹೆಂಗಸರಿಗೆ, ಅಂಥ ಗರ್ಭವನ್ನು ಹೆತ್ತವರಿಗಿಂತ ಹೆಚ್ಚಿನ ಮಾನಸಿಕ ಅಪಾಯವಿಲ್ಲವೆಂದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಕಾರ್ಯಪಡೆ 2008ರಲ್ಲಿ ವರದಿ ಮಾಡಿತು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹೆಂಗಸರನ್ನು ಐದು ವರ್ಷ ಹಿಂಬಾಲಿಸಿ ನಡೆಸಿದ ಟರ್ನ್‌ಅವೇ ಅಧ್ಯಯನದಲ್ಲಿ ಗರ್ಭಪಾತ ಮಾಡಿಸಿಕೊಂಡವರಲ್ಲಿ ಶೇ. 95ಕ್ಕೂ ಹೆಚ್ಚು ಮಂದಿ ತಮ್ಮ ನಿರ್ಧಾರ ಸರಿಯಾಗಿತ್ತೆಂದೇ ಹೇಳಿದರು. ಧರ್ಮಸಭೆಯ ಬೋಧನೆಯನ್ನು ಮನಸಾರೆ ಒಪ್ಪುವ ನಾನು ಈ ಸಂಗತಿಗಳನ್ನು ಮರೆಮಾಡಬೇಕಾದ ಕಾರಣವೇ ಕಾಣುವುದಿಲ್ಲ. ಜೀವ ಪವಿತ್ರ ಎಂಬ ನಂಬಿಕೆ ಯಾರ ದುಃಖದ ಲೆಕ್ಕದ ಮೇಲೂ ನಿಂತಿಲ್ಲ. ದುಃಖಪಡುವವರು ಎಷ್ಟೇ ಕಡಿಮೆಯಿರಲಿ, ಅವರ ದುಃಖ ನಿಜ, ಅವರಿಗೆ ಹೋಗಲು ಒಂದು ಜಾಗ ಬೇಕು. ದುಃಖವಿಲ್ಲದವರಿಗೆ ದುಃಖವನ್ನು ಹಚ್ಚುವ ಕೆಲಸವನ್ನು ಮಾತ್ರ ಪಾಲನಾ ಸೇವೆ ಮಾಡಬಾರದು. ಖಿನ್ನತೆ, ನಿದ್ರಾಹೀನತೆ, ಸಾಯಬೇಕೆಂಬ ಯೋಚನೆ ಇರುವವರಿಗೆ ಪ್ರಾರ್ಥನೆಯ ಜೊತೆಗೆ ವೈದ್ಯರ ಚಿಕಿತ್ಸೆಯೂ ತಡವಾಗದೆ ಸಿಗಬೇಕು.

ಭಾರತದಿಂದ ಹೋದವರು ಈ ಸೇವೆಗೆ ಬಂದಾಗ ಅಲ್ಲಿಯ ಸಲಹೆಗಾರರಿಗೆ ಸುಲಭವಾಗಿ ತಿಳಿಯದ ಒಂದು ವಿಷಯವಿದೆ. ಈ ಸೇವೆಗೆ ಸಂಬಂಧಿಸಿದ ಅಮೆರಿಕದ ಸಾಹಿತ್ಯವು ಗರ್ಭಪಾತವನ್ನು ಹೆಚ್ಚಾಗಿ ಒಬ್ಬ ಹೆಣ್ಣಿನ, ಹೆಚ್ಚೆಂದರೆ ಒಂದು ಜೋಡಿಯ ತೀರ್ಮಾನವೆಂದು ಭಾವಿಸಿ ಮಾತನಾಡುತ್ತದೆ. ನಮ್ಮಲ್ಲಿ ಆ ತೀರ್ಮಾನವನ್ನು ಅತ್ತೆ, ಮಾವ, ಗಂಡ ಕೂಡಿ ಮಾಡಿರುತ್ತಾರೆ. ಹೊಟ್ಟೆಯಲ್ಲಿರುವುದು ಹೆಣ್ಣು ಎಂಬುದಷ್ಟೇ ಕಾರಣವಾಗಿರುವುದೂ ಉಂಟು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ಕಾನೂನು 1994ರಲ್ಲಿಯೇ ಬಂದಿದ್ದರೂ, ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ನಡೆಸುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು 2023ರಲ್ಲಿ ಬಯಲಿಗೆಳೆದದ್ದನ್ನು ಕನ್ನಡಿಗರು ಮರೆತಿರಲಾರರು. ಇಂಥ ಒತ್ತಡದಲ್ಲಿ ಮಗುವನ್ನು ಕಳೆದುಕೊಂಡವಳ ಮುಂದೆ ಆಯ್ಕೆಯ ಮಾತನ್ನಾಡಿದರೆ ಅವಳಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ಸೇವೆ ಪಡೆಯುವವರು ತಮ್ಮ ಮೇಲೆ ಯಾರ ಒತ್ತಡವಿತ್ತೆಂಬುದನ್ನು ಮೊದಲ ಭೇಟಿಯಲ್ಲಿಯೇ ಹೇಳಿಕೊಳ್ಳುವುದು ಒಳ್ಳೆಯದು.

ವ್ಯಾವಹಾರಿಕವಾಗಿ ಗಮನಿಸಬೇಕಾದದ್ದೂ ಇದೆ. ಪಾಪನಿವೇದನೆಯಲ್ಲಿ ಹೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಯಾರಿಗೂ ತಿಳಿಸುವಂತಿಲ್ಲ, ಆ ಗುಟ್ಟಿಗೆ ವಿನಾಯಿತಿಯೇ ಇಲ್ಲ. ಆಪ್ತಸಲಹೆಗಾರರ ಗೋಪ್ಯತೆ ಆಯಾ ರಾಜ್ಯದ ಕಾನೂನಿಗೆ ಒಳಪಟ್ಟದ್ದು. ಗುಂಪಿನಲ್ಲಿ ಆಡಿದ ಮಾತಿಗೆ ಉಳಿದವರು ಕೊಟ್ಟ ಮಾತಷ್ಟೇ ಕಾವಲು. ಈ ಮೂರೂ ಒಂದೇ ಅಲ್ಲವೆಂದು ತಿಳಿದು ಎಲ್ಲಿ ಎಷ್ಟು ಹೇಳಬೇಕೆಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಸಲಹೆಗಾರರಿಗೆ ಪರವಾನಗಿ ಇದೆಯೇ, ಶುಲ್ಕವಿದೆಯೇ ಎಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ. ಸಣ್ಣ ಸಮುದಾಯದವರಾದ ನಮಗೆ ಪರಿಚಿತರ ಕಣ್ಣಿಗೆ ಬೀಳುವ ಭಯವಿದ್ದರೆ ಪಕ್ಕದ ಧರ್ಮಕ್ಷೇತ್ರದ ಸೇವೆಯನ್ನು ಸಂಪರ್ಕಿಸಬಹುದು. ಗಂಡಸರೂ, ಅಜ್ಜ ಅಜ್ಜಿಯರೂ ಬರಬಹುದೆಂಬುದನ್ನು ಈ ಸೇವೆ ಸ್ಪಷ್ಟವಾಗಿ ಹೇಳುತ್ತದೆ. ಅದು ನಮ್ಮವರಿಗೆ ತಲುಪಬೇಕಾದ ಸುದ್ದಿ.

ಸೇವೆಯ ಜಾಲತಾಣಗಳು ಇಂಗ್ಲಿಷಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ಇವೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಈ ಒಂದು ವಿಷಯವನ್ನು ತಾಯಿನುಡಿಯಲ್ಲದೆ ಬೇರೆ ನುಡಿಯಲ್ಲಿ ಹೇಳಿಕೊಳ್ಳುವುದು ಕಷ್ಟ. ಬೆಂಗಳೂರು, ಮೈಸೂರು, ಶಿವಮೊಗ್ಗ, ಚಿಕ್ಕಮಗಳೂರು ಧರ್ಮಕ್ಷೇತ್ರಗಳಲ್ಲಿ ಕನ್ನಡದಲ್ಲಿ ಪಾಪನಿವೇದನೆ ಕೇಳುವ ಗುರುಗಳಿದ್ದಾರೆ. ಅವರಿಗೆ ಥಾರ್ನ್ ಕೊಡಿಸಿದಂಥ ತರಬೇತಿಯನ್ನು ಗುರುಗಳಾಗುವವರು ಓದುವ ಗುರುಮಠದಲ್ಲಿಯೇ ಕೊಡುವುದು, ಪ್ರತಿ ಚರ್ಚಿನ ಫಲಕದಲ್ಲಿ ಈ ಪಾಪಕ್ಕೂ ಕ್ಷಮೆಯುಂಟು, ಅದಕ್ಕಾಗಿ ಧರ್ಮಾಧ್ಯಕ್ಷರ ಬಳಿಗೆ ಅಲೆಯಬೇಕಾಗಿಲ್ಲ ಎಂಬ ಎರಡು ಸಾಲನ್ನು ಬರೆದು ಹಾಕುವುದು ದೊಡ್ಡ ಖರ್ಚಿನ ಕೆಲಸವಲ್ಲ. ಅಮೆರಿಕದಿಂದ ರಜೆಗೆ ಊರಿಗೆ ಬರುವವರು ಅಲ್ಲಿಯ ಸೇವೆಯಲ್ಲಿ ಆರಂಭಿಸಿದ್ದನ್ನು ಇಲ್ಲಿ ಕನ್ನಡದಲ್ಲಿ, ತಮ್ಮನ್ನು ಬಾಲ್ಯದಿಂದ ಬಲ್ಲ ಗುರುಗಳ ಮುಂದೆಯೋ ಸಂಕೋಚವಿದ್ದರೆ ಗುರುತಿಲ್ಲದವರ ಮುಂದೆಯೋ ಮುಗಿಸಿಕೊಳ್ಳಬಹುದು. ಆ ಅಧಿಕಾರ ಈಗ ಪಾಪನಿವೇದನೆ ಕೇಳುವ ಎಲ್ಲ ಗುರುಗಳಿಗೂ ಇದೆ.