ಧರಣಿ, ಆರ್‌ಟಿಐ, ಕೋರ್ಟು: ಯಾವ ದಾರಿ ಹಿಡಿಯಬೇಕು?

ಹರಿಹರದ ಗೆಳೆಯರೊಬ್ಬರು ಕೇಳಿದರು: ತುಂಗಭದ್ರೆ ಉಕ್ಕಿದಾಗ ಜನರನ್ನು ಸಮಯಕ್ಕೆ ಸರಿಯಾಗಿ ಸ್ಥಳಾಂತರ ಮಾಡದಿದ್ದರೆ ಧರಣಿ ಕೂರೋದಾ, ಕೋರ್ಟಿಗೆ ಹೋಗೋದಾ?

ತಕ್ಷಣ ಕಾಳಜಿ ಕೇಂದ್ರ, ಊಟ, ಪರಿಹಾರ ಬೇಕಿದ್ದರೆ ಧರಣಿಯೇ ಸರಿ. ಖರ್ಚು ಕಡಿಮೆ, ಒತ್ತಡ ಬೇಗ ಬೀಳುತ್ತದೆ. ಆದರೆ ಗದ್ದಲ ತಣ್ಣಗಾದ ಮೇಲೆ ಕೈಯಲ್ಲಿ ಒಂದು ಕಾಗದವೂ ಉಳಿಯುವುದಿಲ್ಲ.

ಯಾರ ತಪ್ಪು ಅಂತ ತಿಳಿಯಬೇಕಾ? ಹಾಗಾದರೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಡಿಸಿಯೇ ಅಧ್ಯಕ್ಷರು, ಅವರ ಕಚೇರಿಗೇ ಅರ್ಜಿ ಹಾಕಿ. ಭದ್ರಾ ಡ್ಯಾಮಿನಿಂದ ನೀರು ಬಿಡುವ ಎಚ್ಚರಿಕೆ ಎಷ್ಟು ಗಂಟೆಗೆ ಬಂತು? ಯಾರ ಕೈಗೆ ಬಂತು? ಕೇರಿಯಲ್ಲಿ ಯಾವಾಗ ಸಾರಿದರು? ಇಷ್ಟೇ ಕೇಳಿ, ಉದ್ದ ಬೇಡ. ಮುಂದಿನ ಎಲ್ಲ ಹೋರಾಟಕ್ಕೂ ಈ ಕಾಗದವೇ ಆಧಾರ.

ಶಿಕ್ಷೆಯೇ ಆಗಬೇಕೆಂದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆ ಇದೆ. ಕರ್ತವ್ಯ ನಿರಾಕರಿಸಿದ ಅಧಿಕಾರಿಗೆ 56ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಆಗಬಹುದು. ಆದರೆ ಸರ್ಕಾರದ ಅನುಮತಿ ಬೇಕು, ದೂರುದಾರರು 30 ದಿನ ಮೊದಲೇ ನೋಟಿಸ್ ಕೊಡಬೇಕು. ಅಲೆದಾಟ ಜಾಸ್ತಿ. ಪಾತ್ರೆ, ಬಟ್ಟೆ ಮಾತ್ರ ಹೋಗಿದ್ದರೆ ಪರಿಹಾರಕ್ಕೆ ಬೆನ್ನು ಹತ್ತಿ. ಜೀವ ಹೋಗಿದ್ದರೆ, ನಾನಾದರೆ ಕೋರ್ಟಿನ ಮೆಟ್ಟಿಲು ಹತ್ತದೆ ಬಿಡುವುದಿಲ್ಲ.